ಮೈನಸ್ ಅಂಕಿ ಸರಿ, ಯಾವ ಲೆನ್ಸ್‌ಗೆ?

ಮಾನ್ಯ ಸಂಪಾದಕರೇ,

ಮಂದ ಬೆಳಕಿನಲ್ಲಿ ಫೋಟೊ ತೆಗೆಯುವುದರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಕತ್ತಲಲ್ಲಿ ಫೋಕಸ್ ಕೂರುತ್ತಿಲ್ಲವೇ, ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಮಾರಿ ‘ಮೈನಸ್ 6 ಇವಿ’ ಎಂದು ಬರೆದಿರುವ ಮಿರರ್‌ಲೆಸ್ (ಕನ್ನಡಿ ಇಲ್ಲದ್ದು) ಕೊಳ್ಳಿ ಎನ್ನುವುದು ಅದರ ಸಾರ. ಪೂರ್ತಿ ತಪ್ಪು ಎನ್ನಲಾರೆವು, ಆದರೆ ಅರ್ಧಕ್ಕೇ ನಿಂತ ಮಾತು. ಹಾಸನ, ಚಿಕ್ಕಮಗಳೂರು ಕಡೆ ಮದುವೆ, ಜಾತ್ರೆ, ಯಕ್ಷಗಾನ ಎಂದು ಕ್ಯಾಮೆರಾ ಹಿಡಿದು ಓಡಾಡುವ ಎಷ್ಟೋ ಹುಡುಗರ ಕೈಲಿರುವುದು ಕ್ಯಾನನ್ 1500ಡಿ, ನಿಕಾನ್ ಡಿ5600 ತರಹದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಅದರ ಜೊತೆಗೇ ಬಂದ 18-55 ‘ಕಿಟ್’ ಲೆನ್ಸ್. ಅವರು ಸಾಲ ಮಾಡಿ ಬಾಡಿ ಬದಲಿಸಿ, ಮತ್ತೆ ಕಿಟ್ ಲೆನ್ಸನ್ನೇ ಹಾಕಿಕೊಂಡು ಛತ್ರಕ್ಕೆ ಹೋದರೆ ಏನಾಗುತ್ತದೆ ಎಂಬುದು ಲೇಖನದಲ್ಲಿ ಇಲ್ಲ. ಆ ಲೆಕ್ಕ ಇಲ್ಲಿ ಕೊಡುತ್ತಿದ್ದೇವೆ. ಪತ್ರ ಉದ್ದವಾಗಿದೆ, ಕತ್ತರಿ ಹಾಕುವುದಿದ್ದರೆ ಅಂಕಿ ಇರುವ ಜಾಗ ಬಿಟ್ಟು ಹಾಕಿ.

ಮೊದಲು ಇವಿ ಅಂದರೇನು ನೋಡೋಣ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ) 100, ಅಪರ್ಚರ್ (ಲೆನ್ಸ್‌ನ ಕಿಂಡಿ, ಎಫ್ ಅಂಕಿ ಸಣ್ಣದಾದಷ್ಟೂ ಅಗಲ) ಎಫ್ 1, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1 ಸೆಕೆಂಡ್ ಇಟ್ಟಾಗ ಫೋಟೊ ಸರಿಯಾದ ಬೆಳಕಿನಲ್ಲಿ ಬಂದರೆ ಆ ಜಾಗದ ಬೆಳಕು 0 ಇವಿ. ಲಕ್ಸ್ ಲೆಕ್ಕದಲ್ಲಿ ಸುಮಾರು 2.5. ಬೆಳಕು ಎರಡು ಪಟ್ಟಾದರೆ ಇವಿ ಒಂದು ಏರುತ್ತದೆ, ಅರ್ಧವಾದರೆ ಒಂದು ಇಳಿಯುತ್ತದೆ. ಹುಣ್ಣಿಮೆಯ ಬೆಳದಿಂಗಳು ಬಿದ್ದ ಬಯಲು ಹೆಚ್ಚುಕಡಿಮೆ ಮೈನಸ್ 2ರಿಂದ ಮೈನಸ್ 3. ನೀವು ನಿಂತ ಜಾಗದ್ದು ಎಷ್ಟು ಎಂದು ತಿಳಿಯಲು ಮೀಟರ್ ಕೊಳ್ಳಬೇಕಿಲ್ಲ. ಐಎಸ್‌ಒ 6400, ಎಫ್ 2.8 ಇಟ್ಟು ಮುಖ ಸರಿಯಾಗಿ ಕಾಣುವ ಶಟರ್ ನೋಡಿ. 1/60 ಬಂದರೆ 3 ಇವಿ, 1/30 ಬಂದರೆ 2, 1/15ಕ್ಕೆ 1, 1/8ಕ್ಕೆ 0. ಕಿಟ್ ಲೆನ್ಸ್‌ನ ಎಫ್ 5.6ರಲ್ಲಿ ನೋಡುವವರು ಎರಡು ಮೆಟ್ಟಿಲು ಸೇರಿಸಿಕೊಳ್ಳಿ: 1/15 ಬಂದರೆ 3 ಇವಿ, 1/8 ಬಂದರೆ 2.

ಈಗ ಕಂಪನಿಯವರ ಅಂಕಿಗೆ ಬರೋಣ, ಅಂದರೆ ಎಷ್ಟು ಕಡಿಮೆ ಬೆಳಕಿನವರೆಗೆ ಆಟೊಫೋಕಸ್ ಕೆಲಸ ಮಾಡುತ್ತದೆ ಎಂದು ಅವರು ಹೇಳುವ ಇವಿ. ಕ್ಯಾನನ್ ಆರ್6ಗೆ ಮೈನಸ್ 6.5 ಇವಿ ಎಂದು ಬರೆದಿರುವುದು ನಿಜ. ಆದರೆ ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಎಫ್ 1.2 ಲೆನ್ಸ್, ಮಧ್ಯದ ಬಿಂದು (ಫೋಕಸ್ ನೋಡುವ ಜಾಗ), ಒನ್ ಶಾಟ್ (ಒಮ್ಮೆ ಫೋಕಸ್ ಹಿಡಿದು ನಿಲ್ಲಿಸುವುದು), ಐಎಸ್‌ಒ 100 ಎಂಬ ಷರತ್ತುಗಳೂ ಇವೆ. ಸೋನಿ ಎ7 ಫೋರ್‌ನ ಮೈನಸ್ 4, ನಿಕಾನ್ ಝಡ್6 ಟೂದ ಮೈನಸ್ 4.5 ಎರಡೂ ಎಫ್ 2 ಲೆನ್ಸ್ ಇಟ್ಟುಕೊಂಡು ಹೇಳಿದ ಅಂಕಿ. ಅಂದರೆ ಇವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದೇ ತಪ್ಪು, ಅಳತೆಗೋಲು ಬೇರೆ. ಮಿರರ್‌ಲೆಸ್‌ನಲ್ಲಿ ಫೋಕಸ್ ನೋಡುವುದು ಚಿತ್ರ ಹಿಡಿಯುವ ಸೆನ್ಸರೇ ಆದ್ದರಿಂದ ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೋ ಅಷ್ಟೇ ಅದಕ್ಕೆ ಸಿಗುವುದು. ಎಫ್ 1.2ರಿಂದ ಎಫ್ 4ಕ್ಕೆ ಬಂದರೆ ಮೂರೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಒಂದು ಇವಿ) ಬೆಳಕು ಹೋಯಿತು, ಮೈನಸ್ 6.5 ಇದ್ದದ್ದು ಮೈನಸ್ 3ರ ಹತ್ತಿರ ಬಂದು ನಿಂತಿತು. ಅದೇ ಬಾಡಿಗೆ 24-105 ಎಫ್ 4-7.1 ಲೆನ್ಸ್ ಹಾಕಿ 105ಕ್ಕೆ ಝೂಮ್ ಮಾಡಿದರೆ ಐದು ಸ್ಟಾಪ್‌ಗೂ ಸ್ವಲ್ಪ ಹೆಚ್ಚೇ ಹೋಗುತ್ತದೆ. ಉಳಿಯುವುದು ಸುಮಾರು ಮೈನಸ್ 1.5. ನಿಕಾನ್ ಡಿ5600ರ ಅಂಕಿ ಮೈನಸ್ 1! ಇದು ಬರೀ ಬೆಳಕಿನ ಲೆಕ್ಕ, ಕಣ್ಣು ಗುರುತಿಸುವುದೇ ಮೊದಲಾದ ಹೊಸ ಬಾಡಿಗಳ ಅನುಕೂಲ ಇದರಲ್ಲಿ ಸೇರಿಲ್ಲ. ಆದರೂ ಲಕ್ಷಗಟ್ಟಲೆ ಸುರಿಯುವ ಮುಂಚೆ ಈ ಕೂಡು-ಕಳೆ ಒಂದು ಸಲ ಮಾಡಿಕೊಳ್ಳುವುದು ಒಳ್ಳೆಯದು.

ಡಿಎಸ್‌ಎಲ್‌ಆರ್‌ನ ದಾರಿ ಬೇರೆ. ಅದರಲ್ಲಿ ಫೋಕಸ್ ನೋಡುವ ಪ್ರತ್ಯೇಕ ಸೆನ್ಸರ್ ಕನ್ನಡಿಯ ಕೆಳಗೆ, ಬಾಡಿಯ ತಳದಲ್ಲಿ ಕೂತಿರುತ್ತದೆ. ಅದರ ಮಾಮೂಲಿ ಬಿಂದುಗಳು ಎಫ್ 5.6ರಷ್ಟು ಕಿಂಡಿಯಿಂದ ಮಾತ್ರ ನೋಡುವಂತೆ ಕಟ್ಟಿದವು. ನೀವು ಎಫ್ 1.8 ಲೆನ್ಸ್ ಹಾಕಿದರೂ ಆ ಬಿಂದುಗಳ ಪಾಲಿಗೆ ಬೆಳಕು ಮೂರು ಪಟ್ಟು ನಾಲ್ಕು ಪಟ್ಟು ಏರುವುದಿಲ್ಲ. ‘ಐವತ್ತರ ಪ್ರೈಮ್ (ಝೂಮ್ ಇಲ್ಲದ 50 ಎಂಎಂ ಲೆನ್ಸ್) ಹಾಕಿದರೂ ಕತ್ತಲಲ್ಲಿ ಹುಡುಕಾಟ ನಿಲ್ಲಲಿಲ್ಲ’ ಎಂದು ಹುಡುಗರು ಗೊಣಗುವುದಕ್ಕೆ ಇದೂ ಒಂದು ಕಾರಣ. ಪ್ರೈಮ್‌ನಿಂದ ಐಎಸ್‌ಒ ಇಳಿಸಬಹುದು, ಶಟರ್ ಏರಿಸಬಹುದು. ಫೋಕಸ್‌ನ ಮಿತಿ ಮಾತ್ರ ಹೆಚ್ಚು ಅಲುಗುವುದಿಲ್ಲ. ಎಫ್ 2.8ಕ್ಕೆಂದೇ ಮಾಡಿದ ಮಧ್ಯದ ಬಿಂದು ಇರುವ ಬಾಡಿಗಳಲ್ಲಿ ನಿಖರತೆ ಹೆಚ್ಚುತ್ತದೆ, ಅದು ಬೇರೆ ಮಾತು. 1500ಡಿಯಲ್ಲಿ ಒಂಬತ್ತು ಬಿಂದು, ಕ್ರಾಸ್ ಆಗಿರುವುದು ಮಧ್ಯದ್ದೊಂದೇ. ಅದು 0 ಇವಿವರೆಗೆ ನೋಡುತ್ತದೆ, ಉಳಿದವು 1ಕ್ಕೇ ಕೈಚೆಲ್ಲುತ್ತವೆ. ಡಿ5600ರಲ್ಲಿ 39 ಬಿಂದುಗಳಿದ್ದರೂ ಕ್ರಾಸ್ ಇರುವುದು ನಡುವಿನ 9 ಮಾತ್ರ.

ಕ್ರಾಸ್ ಎಂದರೆ ಏನು, ಯಾಕೆ ಬೇಕು? ಆಟೊಫೋಕಸ್ ಕೆಲಸ ಮಾಡುವ ರೀತಿ ಗೊತ್ತಾದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಲೆನ್ಸ್‌ನ ಒಂದು ಅಂಚಿನಿಂದ ಬಂದ ಬೆಳಕನ್ನೂ ಎದುರು ಅಂಚಿನಿಂದ ಬಂದ ಬೆಳಕನ್ನೂ ಬೇರೆ ಮಾಡಿ, ಎರಡು ಸಣ್ಣ ಚಿತ್ರ ಮಾಡಿಕೊಂಡು, ಅವು ಒಂದರ ಮೇಲೊಂದು ಕೂರುತ್ತವೋ ಇಲ್ಲವೋ ಎಂದು ಕ್ಯಾಮೆರಾ ನೋಡುತ್ತದೆ. ಸರಿದಿದ್ದರೆ ಎಷ್ಟು ಸರಿದಿದೆ, ಯಾವ ಕಡೆಗೆ ಎಂದು ಲೆಕ್ಕ ಹಾಕಿ ಲೆನ್ಸನ್ನು ಒಂದೇ ಏಟಿಗೆ ಅಲ್ಲಿಗೆ ತಿರುಗಿಸುತ್ತದೆ. ಇದು ಫೇಸ್ ಡಿಟೆಕ್ಷನ್. ಹೋಲಿಸಲು ಅದಕ್ಕೊಂದು ಗೆರೆ ಬೇಕು. ಒಂದು ಕಡೆ ಕಪ್ಪು, ಒಂದು ಕಡೆ ಬಿಳುಪು ಇರುವ ಅಂಚು. ಬಿಳಿ ಪಂಚೆ, ಸಾದಾ ರೇಷ್ಮೆ, ಬೋಳು ಗೋಡೆ ಕೊಟ್ಟರೆ ಎರಡು ಚಿತ್ರಗಳಲ್ಲೂ ಹೋಲಿಸುವುದಕ್ಕೆ ಏನೂ ಇರುವುದಿಲ್ಲ. ಬೆಳಕು ಕಡಿಮೆಯಾದಂತೆ ಸೆನ್ಸರ್‌ನ ಗದ್ದಲ (ನಾಯ್ಸ್, ಚಿತ್ರದಲ್ಲಿ ಕಾಣುವ ಕಾಳು) ಹೆಚ್ಚುತ್ತದೆ: ಬೆಳಕು ಕಾಲುಭಾಗಕ್ಕೆ ಇಳಿದರೆ ಅದಕ್ಕೆ ಹೋಲಿಸಿದ ಗದ್ದಲ ಎರಡು ಪಟ್ಟು. ಆಗ ತೆಳ್ಳಗಿನ ಗೆರೆಗಳು ಗದ್ದಲದಲ್ಲಿ ಮುಳುಗಿ, ದಪ್ಪನೆಯ, ಎದ್ದು ಕಾಣುವ ಗೆರೆಗಳಷ್ಟೇ ಉಳಿಯುತ್ತವೆ. ಗದ್ದಲ ತಗ್ಗಿಸಲು ಕ್ಯಾಮೆರಾ ಹೆಚ್ಚು ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮದುಮಗಳು ತಲೆ ತಿರುಗಿಸಿದರೆ ಮೊದಲಿನಿಂದ ಶುರು. ಲೆನ್ಸ್ ಗುರ್ ಗುರ್ ಎಂದು ಹಿಂದೆ ಮುಂದೆ ಓಡುವುದು ಹೀಗೆ ಲೆಕ್ಕ ಸಿಗದೆ ಹೋದಾಗ.

ಗೆರೆಯ ದಿಕ್ಕೂ ಮುಖ್ಯ. ಕ್ರಾಸ್ ಬಿಂದು ನಿಂತ ಗೆರೆ, ಅಡ್ಡ ಗೆರೆ ಎರಡನ್ನೂ ಓದುತ್ತದೆ. ಕ್ರಾಸ್ ಅಲ್ಲದ ಬಿಂದುವಿಗೆ ಒಂದೇ ದಿಕ್ಕು ಕಾಣುವುದು. ಮಿರರ್‌ಲೆಸ್ ಕೊಂಡವರು ಇಲ್ಲಿ ನಿಶ್ಚಿಂತರಾಗಬೇಕಿಲ್ಲ. ಎಷ್ಟೋ ಬಾಡಿಗಳಲ್ಲಿ ಫೋಕಸ್ ಪಿಕ್ಸೆಲ್‌ಗಳನ್ನು ಎಡ-ಬಲವಾಗಿ ಮಾತ್ರ ಸೀಳಿರುತ್ತಾರೆ, ಹಾಗಾಗಿ ಕ್ಯಾಮೆರಾ ಅಡ್ಡ ಹಿಡಿದಾಗ ಅಡ್ಡ ಗೆರೆಗಳು ಅವಕ್ಕೆ ಸರಿಯಾಗಿ ಕಾಣುವುದಿಲ್ಲ. ಪರೀಕ್ಷೆ ಸುಲಭ. ಸಂಜೆ ಹೊತ್ತಿನಲ್ಲಿ ಕಿಟಕಿಯ ಅಡ್ಡ ಸರಳಿಗೆ ಫೋಕಸ್ ಮಾಡಿ, ಹುಡುಕಾಡಿದರೆ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ ಮತ್ತೆ ಒತ್ತಿ. ತಟ್ಟನೆ ಕೂತರೆ ನಿಮ್ಮದು ಆ ಜಾತಿಯದು. ಛತ್ರದಲ್ಲೂ ಇದೇ ಉಪಾಯ: ಓರೆ ಮಾಡಿ ಫೋಕಸ್ ಹಿಡಿದು, ನೆಟ್ಟಗೆ ಮಾಡಿ ಕ್ಲಿಕ್ ಮಾಡಿ.

ಇಷ್ಟೆಲ್ಲ ಹೇಳುವ ಮುಂಚೆ ಫೋಟೊ ಕೆಟ್ಟದ್ದು ಫೋಕಸ್‌ನಿಂದಲೇ ಹೌದೇ ಎಂದು ನೋಡಬೇಕು. ಮಸುಕಾದ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಪೂರ್ತಿ ದೊಡ್ಡದು ಮಾಡಿ. ಮುಖ ಮಸುಕಾಗಿ ಹಿಂದಿನ ಬಾಳೆಕಂದು, ಮಾವಿನ ತೋರಣ ಚೂಪಾಗಿದ್ದರೆ ಅದು ಫೋಕಸ್ ತಪ್ಪು. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ, ದೀಪದ ಚುಕ್ಕೆಗಳೆಲ್ಲ ಒಂದೇ ಆಕಾರದ ಸಣ್ಣ ಗೀಟುಗಳಾಗಿದ್ದರೆ ನಿಮ್ಮ ಕೈ ಅಲುಗಿದೆ. ಕಂಬ ಚೂಪು, ಅಕ್ಷತೆ ಎರಚುವ ಕೈ ಮಾತ್ರ ಮಸುಕು ಎಂದರೆ ಶಟರ್ ನಿಧಾನವಾಯಿತು. ಈ ಮೂರಕ್ಕೂ ಮದ್ದು ಬೇರೆ ಬೇರೆ. 1/30ರಲ್ಲಿ ತೆಗೆದು, ಕೈ ಅಲುಗಿಸಿ, ಕೊನೆಗೆ ಆಟೊಫೋಕಸ್ ಸರಿಯಿಲ್ಲ ಎಂದು ಬಾಡಿಯನ್ನು ಸರ್ವಿಸ್‌ಗೆ ಕಳಿಸುವವರು ಕಡಿಮೆಯಿಲ್ಲ.

ಧಾರೆಯ ಹೊತ್ತಿಗೆ ಬರೋಣ, ತಪ್ಪಿದರೆ ಮತ್ತೆ ಸಿಗದ ಹೊತ್ತು ಅದು. ಬಿಂದುವನ್ನು ಕ್ಯಾಮೆರಾವೇ ಆರಿಸುವ ಆಟೊ ಏರಿಯಾ ತೆಗೆದುಹಾಕಿ. ಅದಕ್ಕೆ ಬಿಟ್ಟರೆ ಹತ್ತಿರ ಇರುವುದನ್ನು, ಹೊಳೆಯುವುದನ್ನು ಹಿಡಿಯುತ್ತದೆ. ಅಂದರೆ ಮುಂದೆ ಕೂತ ಪುರೋಹಿತರ ಭುಜ ಅಥವಾ ಕಳಶದ ತೆಂಗಿನಕಾಯಿ. ಮಧ್ಯದ ಒಂದೇ ಬಿಂದು ಆರಿಸಿ. ಒನ್ ಶಾಟ್, ನಿಕಾನ್‌ನಲ್ಲಿ ಎಎಫ್-ಎಸ್. ಕತ್ತಲಲ್ಲಿ ಸರ್ವೊ (ಬಿಡದೆ ಫೋಕಸ್ ಬದಲಿಸುತ್ತಿರುವ ಬಗೆ) ಇಟ್ಟರೆ ನಿಂತವರ ಮೇಲೂ ಫೋಕಸ್ ತೂಗಾಡುತ್ತದೆ, ಜೊತೆಗೆ ಸರ್ವೊದಲ್ಲಿ ಕತ್ತಲಲ್ಲಿ ಫೋಕಸ್‌ಗೆಂದು ಕ್ಯಾಮೆರಾ ಹಚ್ಚುವ ಸಹಾಯದ ದೀಪವೂ ಉರಿಯುವುದಿಲ್ಲ. ಬಿಂದುವನ್ನು ಕೆನ್ನೆಯ ಮೇಲೆ ಇಡಬೇಡಿ, ಬಿಳಿ ಶಲ್ಯದ ಮೇಲಂತೂ ಬೇಡವೇ ಬೇಡ. ಹುಬ್ಬು ಮತ್ತು ಹಣೆ ಸೇರುವ ಜಾಗ, ಕಣ್ಣಿನ ಕಪ್ಪು-ಬಿಳುಪು, ಬಾಸಿಂಗದ ಅಂಚು, ಕಪ್ಪು ಕೂದಲಿಗೆ ತಾಗಿದ ಮಲ್ಲಿಗೆ ದಂಡೆ ಇವೆಲ್ಲ ಒಳ್ಳೆಯ ಗೆರೆ ಕೊಡುತ್ತವೆ. ದಂಡೆಯನ್ನು ಹಿಡಿಯುವಾಗ ಒಂದು ಎಚ್ಚರ: ಅದು ಕಣ್ಣಿಗಿಂತ ಹತ್ತು-ಹನ್ನೆರಡು ಸೆಂಟಿಮೀಟರ್ ಹಿಂದೆ ಇರಬಹುದು. 50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು 1500ಡಿಯಂಥ ಬಾಡಿಯಲ್ಲಿ 2 ಮೀಟರ್ ದೂರದಿಂದ ತೆಗೆದರೆ ಚೂಪಾಗಿ ಬರುವ ಆಳ ಒಟ್ಟು ಸುಮಾರು 11 ಸೆಂಟಿಮೀಟರ್, ಮುಂದೆ ಐದೂವರೆ ಹಿಂದೆ ಐದೂವರೆ. ದಂಡೆ ಚೂಪು, ಕಣ್ಣು ಮಸುಕು ಎಂಬ ಫೋಟೊ ಬರುವುದು ಹೀಗೆ. ಎಫ್ 4ಕ್ಕೆ ಮುಚ್ಚಿದರೆ ಅದೇ ಆಳ 25 ಸೆಂಟಿಮೀಟರ್ ಆಗುತ್ತದೆ. ಮದುಮಗ, ಮದುಮಗಳು ಇಬ್ಬರ ಮುಖವೂ ಅದರೊಳಗೆ ಕೂರುತ್ತದೆ. ಐಎಸ್‌ಒ 1250ರ ಬದಲು 6400 ಆಯಿತು, ಆಗಲಿ. ಕಾಳು ಕಾಳಾದ ಫೋಟೊವನ್ನು ಆಲ್ಬಂನಲ್ಲಿ ಹಾಕಬಹುದು, ಕಣ್ಣು ಮಸುಕಾದದ್ದನ್ನು ಹಾಕಲಾಗದು.

ಮಧ್ಯದ ಬಿಂದುವಿನಲ್ಲಿ ಫೋಕಸ್ ಹಿಡಿದು ಚೌಕಟ್ಟು ಬದಲಿಸುವುದರಲ್ಲಿ ಒಂದು ಸಣ್ಣ ನಷ್ಟವಿದೆ. 2 ಮೀಟರ್‌ನಲ್ಲಿ ಕ್ಯಾಮೆರಾ 10 ಡಿಗ್ರಿ ತಿರುಗಿಸಿದರೆ ಫೋಕಸ್ ಸುಮಾರು 3 ಸೆಂಟಿಮೀಟರ್ ಹಿಂದಕ್ಕೆ ಬೀಳುತ್ತದೆ. ಎಫ್ 4ರಲ್ಲಿ ಗೊತ್ತೇ ಆಗುವುದಿಲ್ಲ. ಎಫ್ 1.8ರಲ್ಲಿ ಅದರ ಜೊತೆ ನಿಮ್ಮ ಮೈ ಎರಡು ಸೆಂಟಿಮೀಟರ್ ತೂಗಿದರೆ ಕೆಲಸ ಕೆಟ್ಟಿತು. ಮುಹೂರ್ತಕ್ಕೆ ಮುಂಚೆ ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ: ಫೋಕಸನ್ನು ಶಟರ್ ಬಟನ್‌ನಿಂದ ಬಿಡಿಸಿ ಹಿಂದಿನ ಬಟನ್‌ಗೆ ಕೊಡುವುದು. 1500ಡಿಯಲ್ಲಿ ನಕ್ಷತ್ರದ ಗುರುತಿನ ಬಟನ್, ಕಸ್ಟಮ್ ಫಂಕ್ಷನ್‌ನಲ್ಲಿ ಬದಲಿಸಬೇಕು. ನಿಕಾನ್‌ನಲ್ಲಿ ಎಇ-ಎಲ್ ಎಎಫ್-ಎಲ್ ಬಟನ್‌ಗೆ ಎಎಫ್-ಆನ್ ಕೊಡಿ. ಒಮ್ಮೆ ಫೋಕಸ್ ಹಿಡಿದು ಬೆರಳು ತೆಗೆದರೆ, ತಾಳಿ ಕಟ್ಟಿ ಮುಗಿಯುವವರೆಗೆ ಎಷ್ಟು ಕ್ಲಿಕ್ ಮಾಡಿದರೂ ಲೆನ್ಸ್ ಅಲುಗುವುದಿಲ್ಲ. ನಡುವೆ ಯಾರೋ ಬೀಗರು ಮೊಬೈಲ್ ಎತ್ತಿ ಅಡ್ಡ ಬಂದರೂ ಅಲುಗದು. ನೀವು ಮಾತ್ರ ಇದ್ದ ಜಾಗ ಬಿಡಬಾರದು.

ಝೂಮ್ ಮಾಡಿ ಫೋಕಸ್ ಹಿಡಿದು ಆಮೇಲೆ ಅಗಲ ಮಾಡಿಕೊಳ್ಳಿ ಎಂಬ ಸಲಹೆ ಕೆಲವರು ಕೊಡುತ್ತಾರೆ. ಹಳೆಯ ವಿಡಿಯೊ ಲೆನ್ಸ್‌ಗಳಿಗೆ ಅದು ಸರಿ. ಕಿಟ್ ಲೆನ್ಸ್‌ನಲ್ಲಿ ಝೂಮ್ ತಿರುಗಿಸಿದ ಕೂಡಲೇ ಫೋಕಸ್ ಸರಿಯುತ್ತದೆ. ಹಾಗಾಗಿ ಯಾವ ಝೂಮ್‌ನಲ್ಲಿ ತೆಗೆಯುತ್ತೀರೋ ಅಲ್ಲೇ ಫೋಕಸ್ ಹಿಡಿಯಿರಿ, ಸಾಧ್ಯವಾದಷ್ಟು 18-24ರ ಕಡೆಯೇ ಇದ್ದು ಹತ್ತಿರ ಹೋಗಿ.

ಬೆಳಕಿನ ಬಣ್ಣ ಕೂಡ ಆಟೊಫೋಕಸನ್ನು ಕೆಡಿಸುತ್ತದೆ. ಚಿತ್ರ ಹಿಡಿಯುವ ಸೆನ್ಸರ್‌ನ ನಾಲ್ಕು ಪಿಕ್ಸೆಲ್‌ನಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ರಿಸೆಪ್ಷನ್ ವೇದಿಕೆಗೆ ಗಾಢ ನೀಲಿ ಎಲ್‌ಇಡಿ ಬಿಟ್ಟರೆ ನಾಲ್ಕರಲ್ಲಿ ಮೂರು ಪಿಕ್ಸೆಲ್‌ಗೆ ಹೆಚ್ಚುಕಡಿಮೆ ಕತ್ತಲೆ. ಕಣ್ಣಿಗೆ ವೇದಿಕೆ ಝಗಮಗ, ಕ್ಯಾಮೆರಾಕ್ಕೆ ಅಮಾವಾಸ್ಯೆ. ಬಣ್ಣ ಬದಲಾಗುತ್ತಿರುವ ದೀಪವಾದರೆ ಬಿಳಿ ಅಥವಾ ಹಳದಿ ಬಂದ ಕ್ಷಣಕ್ಕೆ ಫೋಕಸ್ ಹಿಡಿದಿಟ್ಟುಕೊಳ್ಳಿ. ಎಣ್ಣೆ ದೀಪದ್ದು ಇನ್ನೊಂದು ಬಗೆ. ಅದರ ಬೆಳಕು ಬಹುಪಾಲು ಕೆಂಪು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಡಿಎಸ್‌ಎಲ್‌ಆರ್‌ನ ಕೆಳಗಿನ ಸೆನ್ಸರ್ ಆ ಕಡೆಯ ಬೆಳಕಿಗೂ ಓಗೊಡುವುದರಿಂದ ಹಗಲಲ್ಲಿ ಸರಿಯಾಗಿ ಕೂರುವ ಲೆನ್ಸ್ ದೀಪದ ಬೆಳಕಿನಲ್ಲಿ ತುಸು ಮುಂದೆ ಅಥವಾ ಹಿಂದೆ ಕೂರಬಹುದು. ಹಸಿರು ಗುರುತು ಬಂತು, ಬೀಪ್ ಆಯಿತು, ಆದರೂ ಫೋಟೊ ಮೆತ್ತಗೆ ಎಂದರೆ ಇದನ್ನು ಅನುಮಾನಿಸಿ. ಲೈವ್ ವ್ಯೂ ಹಾಕಿ, ಪರದೆಯಲ್ಲಿ 10 ಪಟ್ಟು ದೊಡ್ಡದು ಮಾಡಿ ಕೈಯಲ್ಲೇ ಫೋಕಸ್ ಮಾಡಿ ಹೋಲಿಸಿ ನೋಡಿ. ಮಂಗಳಾರತಿಯ ಜ್ವಾಲೆಯ ಮೇಲೆ ಬಿಂದು ಇಡುವುದು ವ್ಯರ್ಥ: ಜ್ವಾಲೆ ಪೂರ್ತಿ ಬಿಳಿಯಾಗಿ ಒಳಗೆ ಏನೂ ವಿವರ ಇರುವುದಿಲ್ಲ. ದೂರದ ಸರದೀಪಗಳೂ ಹಾಗೆಯೇ. ಫೋಕಸ್ ತಪ್ಪಿದ ದೀಪದ ಚುಕ್ಕೆ ಬಿಲ್ಲೆಯಂತೆ ಊದಿಕೊಂಡು, ಆ ಬಿಲ್ಲೆಯ ಅಂಚೇ ಚೂಪಾಗಿ ಕಂಡು ಕ್ಯಾಮೆರಾ ಮೋಸಹೋಗುತ್ತದೆ. ಆರತಿ ತಟ್ಟೆಯ ಅಂಚನ್ನೋ, ಅರ್ಚಕರ ಕೈಯ ಉಂಗುರವನ್ನೋ ಹಿಡಿಯುವುದು ವಾಸಿ.

ನಮ್ಮ ವಿದ್ಯುತ್ 50 ಹರ್ಟ್ಸ್, ಅಗ್ಗದ ಟ್ಯೂಬ್ ಮತ್ತು ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಅಥವಾ 1/50 ಇಟ್ಟರೆ ಪಟ್ಟೆ ಬರುವುದಿಲ್ಲ. ಬಣ್ಣದ ವೇದಿಕೆ ದೀಪಗಳ ಮಿನುಗು ಬೇರೆ ಲೆಕ್ಕದ್ದು, ಅದಕ್ಕೆ ಈ ಮದ್ದು ನಾಟುವುದಿಲ್ಲ.

ಮಿರರ್‌ಲೆಸ್ ಇರುವವರಿಗೆ ಒಂದು ಪರೀಕ್ಷೆ. ಅಪರ್ಚರ್ ಎಫ್ 8 ಇಟ್ಟು, ಲೆನ್ಸ್‌ನ ಮುಂದಿನಿಂದ ಒಳಗೆ ಇಣುಕಿ, ಬಟನ್ ಅರ್ಧ ಒತ್ತಿ ನೋಡಿ. ಅಪರ್ಚರ್‌ನ ಎಲೆಗಳು ಮುಚ್ಚಿಕೊಂಡೇ ಇದ್ದರೆ ನಿಮ್ಮ ಬಾಡಿ ಮುಚ್ಚಿದ ಅಪರ್ಚರ್‌ನಲ್ಲೇ ಫೋಕಸ್ ಮಾಡುತ್ತಿದೆ. ಡಿಎಸ್‌ಎಲ್‌ಆರ್ ಯಾವಾಗಲೂ ಲೆನ್ಸನ್ನು ಪೂರ್ತಿ ತೆರೆದು ಫೋಕಸ್ ಮಾಡುತ್ತದೆ, ಮಿರರ್‌ಲೆಸ್‌ಗಳೆಲ್ಲ ಹಾಗಲ್ಲ. ನಿಕಾನ್ ಝಡ್ ಬಾಡಿಗಳು ಎಫ್ 5.6ವರೆಗೆ ನೀವು ಇಟ್ಟ ಅಪರ್ಚರ್‌ಗೇ ಮುಚ್ಚಿಕೊಂಡು ನೋಡುತ್ತವೆ. ಎಫ್ 1.8 ಲೆನ್ಸನ್ನು 5.6ಕ್ಕೆ ಇಟ್ಟರೆ ಫೋಕಸ್‌ಗೆ ಸಿಗುವ ಬೆಳಕು ಸುಮಾರು ಹತ್ತರಲ್ಲೊಂದು. ಫ್ಲ್ಯಾಶ್ ಹಾಕಿ ಎಫ್ 5.6, ಎಫ್ 8ರಲ್ಲಿ ಗುಂಪು ಫೋಟೊ ತೆಗೆಯುವಾಗ ಹೊಸ ಕ್ಯಾಮೆರಾ ಹಳೆಯದಕ್ಕಿಂತ ಜಾಸ್ತಿ ತಡಕಾಡುತ್ತದೆ ಎಂಬ ದೂರಿನ ಮೂಲ ಎಷ್ಟೋ ಸಲ ಇಲ್ಲಿದೆ. ಎಫ್ 2.8ಕ್ಕೆ ತೆರೆದು ಫೋಕಸ್ ಹಿಡಿದು, ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿ, ಆಮೇಲೆ 5.6ಕ್ಕೆ ಮುಚ್ಚಿದರೆ ಆಯಿತು.

ಸಹಾಯದ ದೀಪದ ಬಗ್ಗೆ ಲೇಖನ ಒಂದೇ ಸಾಲು ಬರೆದಿದೆ. ಡಿ5600ರ ಬಾಡಿಯ ಮುಂದಿರುವ ದೀಪ 3 ಮೀಟರ್‌ವರೆಗೆ ಉಪಯೋಗಕ್ಕೆ ಬರುತ್ತದೆ, ಅದೂ ಎಎಫ್-ಎಸ್‌ನಲ್ಲಿ ಮಧ್ಯದ ಬಿಂದು ಅಥವಾ ಆಟೊ ಏರಿಯಾ ಇದ್ದರೆ ಮಾತ್ರ. ಪಕ್ಕದ ಬಿಂದು ಆರಿಸಿದರೆ ಉರಿಯುವುದೇ ಇಲ್ಲ, ದೀಪ ಕೆಟ್ಟಿದೆ ಎಂದುಕೊಳ್ಳಬೇಡಿ. 1500ಡಿಯಲ್ಲಿ ಮೇಲಿನ ಫ್ಲ್ಯಾಶ್ ಎತ್ತಿದ್ದರೆ ಅದೇ ಪಟಪಟ ಮಿನುಗಿ ಸುಮಾರು 4 ಮೀಟರ್‌ವರೆಗೆ ನೆರವಾಗುತ್ತದೆ. ಹಳೆಯ ಸ್ಪೀಡ್‌ಲೈಟ್‌ಗಳು (ಕ್ಯಾಮೆರಾ ಮೇಲೆ ಕೂರಿಸುವ ಫ್ಲ್ಯಾಶ್) ಎಸೆಯುವ ಕೆಂಪು ಗೆರೆಗಳು ಡಿಎಸ್‌ಎಲ್‌ಆರ್‌ಗೆ ಬಹಳ ಒಳ್ಳೆಯವು, ಮಿರರ್‌ಲೆಸ್‌ಗೆ ಹಾಕಿದರೆ ಸಾಮಾನ್ಯವಾಗಿ ಕೆಲಸಕ್ಕೆ ಬಾರವು. ಲೆನ್ಸ್ ಹುಡ್ ಅಥವಾ ಎಡಗೈ ಬೆರಳು ದೀಪಕ್ಕೆ ಅಡ್ಡ ಬರದಂತೆ ನೋಡಿಕೊಳ್ಳಿ. ಮುಳ್ಳಯ್ಯನಗಿರಿಯ ಮಂಜಿನಲ್ಲಿ, ಚಾರ್ಮಾಡಿಯ ಮಳೆಯಲ್ಲಿ ಈ ದೀಪ ಆರಿಸಿಬಿಡಿ. ಬೆಳಕು ಮುಂದಿನ ಹನಿಗಳಿಗೆ ಬಡಿದು ವಾಪಸಾಗಿ ಕ್ಯಾಮೆರಾ ಹನಿಯನ್ನೇ ಹಿಡಿಯುತ್ತದೆ. ಆಲೂರು, ಸಕಲೇಶಪುರ, ಬೇಲೂರು ಕಡೆ ತೋಟದಂಚಿಗೆ ಆನೆ ಬಂದಾಗ ಮೊಬೈಲ್, ಕ್ಯಾಮೆರಾ ಎತ್ತುವವರಿಗೂ ಇದೇ ಮಾತು. ಅಲ್ಲಿ ಫೋಕಸ್‌ಗಾಗಿ ದೀಪ ಹೊಡೆಯುವುದಿರಲಿ, ಫೋಟೊಕ್ಕೆ ನಿಲ್ಲುವುದೇ ಬೇಡ.

ಬೇಲೂರಿನ ಚೆನ್ನಕೇಶವ ದೇಗುಲದ ನವರಂಗ ಆಟೊಫೋಕಸ್‌ಗೆ ಒಳ್ಳೆಯ ಪರೀಕ್ಷಾ ಕೊಠಡಿ. 1117ರಲ್ಲಿ ಪ್ರತಿಷ್ಠೆಯಾದ ಈ ಗುಡಿ ಹಳೇಬೀಡು, ಸೋಮನಾಥಪುರಗಳ ಜೊತೆ 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಕ್ಯಾಮೆರಾ ತರುವವರೂ ಹೆಚ್ಚಿದ್ದಾರೆ. ಒಳಗೆ ಕಪ್ಪು ಬಳಪದ ಕಲ್ಲು, ಜಾಲಂಧ್ರದಿಂದ ಸೋಸಿ ಬರುವ ಬೆಳಕು. ಕಡೆದು ನುಣುಪು ಮಾಡಿದ ಕಂಬದ ಮೇಲೆ ಬಿಂದು ಇಟ್ಟರೆ ಲೆನ್ಸ್ ಈ ತುದಿಯಿಂದ ಆ ತುದಿಗೆ ಓಡಿ ಸುಮ್ಮನಾಗುತ್ತದೆ. ಕಂಬದಲ್ಲಿ ಗೆರೆ ಎಂದು ಕಾಣುವುದು ಬಾಗಿಲ ಬೆಳಕಿನ ಹೊಳಪು, ಅದು ನೀವು ಸರಿದಂತೆಲ್ಲ ಸರಿಯುತ್ತದೆ. ಬಿಂದುವನ್ನು ಕಂಬದ ಬಳೆಗಳ ಅಂಚಿಗೆ ಒಯ್ಯಿರಿ. ಆ ಅಂಚುಗಳು ಅಡ್ಡ ಇರುವುದರಿಂದ ಮಿರರ್‌ಲೆಸ್‌ನವರು ಕ್ಯಾಮೆರಾ ಓರೆ ಮಾಡುವುದು ಮರೆಯಬಾರದು. ಮೇಲಿನ ಮದನಿಕೆಯರ ವಿಷಯದಲ್ಲಿ ಮುಖದ ನಯವಾದ ಕಲ್ಲಿಗಿಂತ ಕೊರಳ ಹಾರದ ಮಣಿಗಳು ಬೇಗ ಸಿಗುತ್ತವೆ. ಜೊತೆಗಿದ್ದವರು ಸಣ್ಣ ಟಾರ್ಚನ್ನು ನೇರ ಹಿಡಿಯದೆ ಬದಿಯಿಂದ ಓರೆಯಾಗಿ ಹಿಡಿದರೆ ಪ್ರತಿ ಮಣಿಗೂ ಒಂದು ನೆರಳು ಬಿದ್ದು ಫೋಕಸ್ ಒಂದೇ ಸಲಕ್ಕೆ ಕೂರುತ್ತದೆ. ಫೋಕಸ್ ಹಿಡಿದ ಮೇಲೆ ಟಾರ್ಚ್ ಆರಿಸಿ, ಇದ್ದ ಬೆಳಕಿನಲ್ಲೇ ತೆಗೆಯಿರಿ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಯಕ್ಷಗಾನದಲ್ಲಿ ಗೆರೆಗಳಿಗೆ ಬರವಿಲ್ಲ. ತೊಂದರೆ ಉಲ್ಟಾ: ಕಿರೀಟದ ಕನ್ನಡಿ ಚೂರು, ಭುಜಕೀರ್ತಿಯ ಮಣಿ ಎಲ್ಲವೂ ಕಣ್ಣಿಗಿಂತ ಜೋರಾಗಿ ಕ್ಯಾಮೆರಾವನ್ನು ಕರೆಯುತ್ತವೆ. ಬಣ್ಣದ ವೇಷದ ಮುಖವನ್ನು ಮುಖ ಎಂದು ಒಪ್ಪದ ಕ್ಯಾಮೆರಾಗಳೂ ಇವೆ. ಅಲ್ಲಿ ಸಣ್ಣ ಬಿಂದು ಆರಿಸಿ ಮೂಗಿನ ಪಕ್ಕದ ಬಿಳಿ ಚುಟ್ಟಿಯನ್ನು ಹಿಡಿಯಿರಿ. ಕುಣಿತ ಶುರುವಾದ ಮೇಲೆ ಬೆನ್ನಟ್ಟುವುದಕ್ಕಿಂತ ಕಲಾವಿದರು ಬಂದು ನಿಲ್ಲುವ ಜಾಗಕ್ಕೆ ಮುಂಚೆಯೇ ಫೋಕಸ್ ಮಾಡಿಟ್ಟು ಕಾಯುವುದು ಮೇಲು.

ಜಾತ್ರೆಯ ರಾತ್ರಿ ಉತ್ಸವಕ್ಕೆ ಆಟೊಫೋಕಸನ್ನೇ ಬಿಟ್ಟುಬಿಡುವ ದಾರಿ ಇದೆ, ಕಿಟ್ ಲೆನ್ಸ್‌ನವರಿಗೆ ಇದಕ್ಕಿಂತ ಒಳ್ಳೆಯದು ನಮಗೆ ಗೊತ್ತಿಲ್ಲ. 18 ಎಂಎಂ, ಎಫ್ 3.5 ಇಟ್ಟು 4.6 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 2.3 ಮೀಟರ್‌ನಿಂದ ಹಿಡಿದು ಕಣ್ಣು ಹಾಯುವವರೆಗೆ ಎಲ್ಲವೂ ಒಪ್ಪುವಷ್ಟು ಚೂಪು. ದೊಡ್ಡ ಹೆಜ್ಜೆಯಲ್ಲಿ ಆರು ಹೆಜ್ಜೆ ದೂರದ ಅಂಗಡಿ ದೀಪದಡಿಯ ಬೋರ್ಡಿಗೆ ಫೋಕಸ್ ಹಿಡಿದು, ಲೆನ್ಸ್ ಬದಿಯ ಸ್ವಿಚ್ಚನ್ನು ಎಂಎಫ್‌ಗೆ (ಮ್ಯಾನ್ಯುಯಲ್ ಫೋಕಸ್) ತಳ್ಳಿ, ರಿಂಗ್ ಮೇಲೆ ವೈರಿಂಗ್‌ನವರ ಕಪ್ಪು ಟೇಪ್ ಒಂದು ತುಂಡು ಅಂಟಿಸಿ. ಝೂಮ್ ಮುಟ್ಟಬೇಡಿ. ಮೋಟಾರ್‌ನಿಂದಲೇ ತಿರುಗುವ ರಿಂಗ್ ಇರುವ ಹೊಸ ಕಿಟ್ ಲೆನ್ಸ್‌ಗಳಿಗೆ ಟೇಪ್‌ನಿಂದ ಉಪಯೋಗವಿಲ್ಲ. ಕ್ಯಾಮೆರಾ ಆಫ್ ಆಗಿ ಆನ್ ಆದಾಗ ಫೋಕಸ್ ಬೇರೆ ಕಡೆ ಹೋಗಿರುತ್ತದೆ, ಪ್ರತಿ ಸಲ ಹೊಸದಾಗಿ ಹಿಡಿಯಬೇಕು. ನಕ್ಷತ್ರ ತೆಗೆಯುವವರು ರಿಂಗನ್ನು ಕೊನೆಯವರೆಗೆ ತಿರುಗಿಸಿ ಬಿಡಬಾರದು. ಬಹಳ ಲೆನ್ಸ್‌ಗಳು ಅನಂತದ ಗುರುತನ್ನೂ ದಾಟಿ ತಿರುಗುತ್ತವೆ. ಲೈವ್ ವ್ಯೂನಲ್ಲಿ ಹೊಳೆಯುವ ನಕ್ಷತ್ರವೊಂದನ್ನು 10 ಪಟ್ಟು ಮಾಡಿ, ಚುಕ್ಕೆ ಅತಿ ಸಣ್ಣದಾಗುವ ಕಡೆ ನಿಲ್ಲಿಸಿ.

ಮಲೆನಾಡಿನವರಿಗೆ ಮಾತ್ರ ಹೇಳಬೇಕಾದ ಒಂದು ಸಂಗತಿ ಫಂಗಸ್. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಳೆಗಾಲದಲ್ಲಿ ಬ್ಯಾಗಿನೊಳಗೆ ಮಡಗಿದ ಲೆನ್ಸ್‌ನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಕಟ್ಟಿಕೊಳ್ಳುತ್ತವೆ. ಹಗಲಿನ ಫೋಟೊದಲ್ಲಿ ಅದು ಗೊತ್ತಾಗುವುದಿಲ್ಲ. ಕತ್ತಲಲ್ಲಿ, ಚೌಕಟ್ಟಿನಲ್ಲಿ ಒಂದು ದೀಪ ಬಂದರೆ ಸಾಕು, ಎಳೆಗಳು ಬೆಳಕು ಚೆಲ್ಲಿ ಇಡೀ ಚಿತ್ರ ಹಾಲು ಬಳಿದಂತಾಗುತ್ತದೆ, ಗೆರೆಯ ಕಪ್ಪು-ಬಿಳುಪು ಕಳೆದು ಆಟೊಫೋಕಸ್ ಹುಡುಕಾಟ ಶುರು ಮಾಡುತ್ತದೆ. ಮುಂದಿನ ಗಾಜಿಗೆ ಅಂಟಿದ ಬೆರಳಚ್ಚು, ಹೋಮದ ಹೊಗೆಯ ಜಿಡ್ಡು, ಅಗ್ಗದ ಯುವಿ ಫಿಲ್ಟರ್ ಮಾಡುವುದೂ ಇದನ್ನೇ. ದೀಪಗಳ ನಡುವೆ ತೆಗೆಯುವಾಗ ಫಿಲ್ಟರ್ ಬಿಚ್ಚಿಡಿ. ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು, ಓರೆಯಾಗಿ ನೋಡಿದರೆ ಎಳೆಗಳು ಕಾಣುತ್ತವೆ. ಮೇ ಕೊನೆಗೇ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಲೆನ್ಸ್ ಹಾಕಿ, ಸಿಲಿಕಾ ಜೆಲ್ ಇಟ್ಟು, ಒಳಗೊಂದು ಸಣ್ಣ ತೇವಮಾಪಕ ಇಡಿ. 40ರಿಂದ 50 ಶೇಕಡ ಸಾಕು, ತೀರ ಒಣಗಿಸುವುದೂ ಒಳ್ಳೆಯದಲ್ಲ. ಜೆಲ್ ಬಣ್ಣ ಬದಲಿಸಿದ ಮೇಲೂ ಅದನ್ನೇ ಇಟ್ಟುಕೊಂಡರೆ ಇಟ್ಟೂ ಇಡದಂತೆ. ಚರ್ಮದ ಪೌಚ್‌ನಲ್ಲಿ ಇಡುವ ಅಭ್ಯಾಸವಂತೂ ಬಿಡಲೇಬೇಕು, ತೇವ ಹಿಡಿದಿಡಲು ಅದಕ್ಕಿಂತ ಬೇರೆ ಬೇಡ. ಡಿಎಸ್‌ಎಲ್‌ಆರ್‌ನವರು ವರ್ಷಕ್ಕೊಮ್ಮೆಯಾದರೂ ಬಾಡಿಯನ್ನು ಬಾಯಿ ಕೆಳಗಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಹೊಡೆಯಬೇಕು, ತಳದ ಫೋಕಸ್ ಸೆನ್ಸರ್ ಮೇಲೂ ಧೂಳು ಕೂರುತ್ತದೆ. ಬಾಯಿಂದ ಊದಬೇಡಿ.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಲೆನ್ಸ್ ನಿಜವಾಗಿ ಆರೇಳು ಎಂಎಂನದು, ಆಳ ಧಾರಾಳ, ಫೋಕಸ್ ತಪ್ಪುವುದು ಅಪರೂಪ. ರಾತ್ರಿ ಮೊಬೈಲ್ ಫೋಟೊ ಮಸುಕಾಗುವುದು ಬಹುಪಾಲು ನೈಟ್ ಮೋಡ್ ಒಂದೆರಡು ಸೆಕೆಂಡ್ ಕೂಡಿಸುವಾಗ ಕೈ ಅಥವಾ ಎದುರಿನವರು ಅಲುಗುವುದರಿಂದ. ಮುಖದ ಮೇಲೆ ಬೆರಳಿಟ್ಟು ಲಾಕ್ ಆಗುವವರೆಗೆ ಒತ್ತಿ ಹಿಡಿಯಿರಿ, ಮೊಣಕೈ ಮೈಗೆ ಒತ್ತಿಕೊಳ್ಳಿ. ಲೇಸರ್ ಫೋಕಸ್ ಇರುವ ಫೋನ್‌ಗಳಲ್ಲಿ ಅದು ಕೆಲವೇ ಮೀಟರ್‌ಗೆ, ಗಾಜಿನ ಆಚೆಗೆ ಮಾಡುವಾಗ ಅದೇ ಅಡ್ಡಿ.

ಕೊನೆಗೆ ಇಬ್ಬರಲ್ಲಿ ಕೇಳಿಕೊಳ್ಳುವುದಿದೆ. ಛತ್ರದವರು, ಡೆಕೊರೇಷನ್‌ನವರು ಮುಹೂರ್ತದ ಹೊತ್ತಿಗೆ ಬಣ್ಣದ ದೀಪ ಆರಿಸಿ ಒಂದು ಬಿಳಿ ದೀಪ ಉಳಿಸಿಕೊಡಲಿ. ದೊಡ್ಡದೇನೂ ಬೇಡ. 20 ವ್ಯಾಟ್‌ನ ಬಿಳಿ ಎಲ್‌ಇಡಿ ಫ್ಲಡ್ ಲೈಟ್ 2000 ಲ್ಯೂಮೆನ್ ಕೊಡುತ್ತದೆ ಎಂದಿಟ್ಟುಕೊಂಡರೆ 3 ಮೀಟರ್ ದೂರದಲ್ಲಿ ಸುಮಾರು 70 ಲಕ್ಸ್, ಅಂದರೆ ಹತ್ತಿರಹತ್ತಿರ 5 ಇವಿ. 1500ಡಿಯ ಮಧ್ಯದ ಬಿಂದುವಿಗೆ ಬೇಕಾದದ್ದಕ್ಕಿಂತ ಐದು ಮೆಟ್ಟಿಲು ಮೇಲೆ. ಮದುಮಕ್ಕಳ ಕಣ್ಣಿಗೆ ಹೊಡೆಯದಂತೆ ಎತ್ತರದಲ್ಲಿ, ಒಂದು ಬದಿಯಿಂದ ಕಟ್ಟಬೇಕು. ಎದುರಿನಿಂದ ಕಟ್ಟಿದರೆ ಮುಖ ಚಪ್ಪಟೆಯಾಗಿ ಗೆರೆಗಳು ಅಳಿಸುತ್ತವೆ, ಫೋಕಸ್‌ಗೂ ಅದು ಹಿಡಿಸುವುದಿಲ್ಲ. ಇನ್ನು ತಮ್ಮಲ್ಲಿ: ಕ್ಯಾಮೆರಾ ವಿಮರ್ಶೆ ಪ್ರಕಟಿಸುವಾಗ ಇವಿ ಅಂಕಿಯ ಪಕ್ಕದಲ್ಲಿ ಅದನ್ನು ಯಾವ ಅಪರ್ಚರ್‌ನ ಲೆನ್ಸ್‌ಗೆ ಹೇಳಿದ್ದಾರೆ ಎಂಬುದನ್ನೂ, ಆ ಬಾಡಿಯ ಜೊತೆ ಅಂಗಡಿಯಲ್ಲಿ ಕೊಡುವ ಲೆನ್ಸ್ ಯಾವುದು ಎಂಬುದನ್ನೂ ದಯವಿಟ್ಟು ಅಚ್ಚು ಹಾಕಿ.

ಇಂತಿ,
ಮದುವೆ, ಜಾತ್ರೆ ಫೋಟೊ ಕೆಲಸದ ಕೆಲವು ಓದುಗರು
ಹಾಸನ